ಬೆಲ್ಜಿಯಂನ ಚಿತ್ರಕಾರ ಫೆರ್ನಾನ್ ಕ್ನೊಪ್ಫ್ ಅವರ ಕೃತಿಗಳ ಬೆಲೆಯಲ್ಲಿ ಅಷ್ಟೊಂದು ಅಂತರವೇಕೆ?

ಮುಖ್ಯ ಕಾರಣವೆಂದರೆ, ಅವರ ಹೆಸರಿನಲ್ಲಿ ಮಾರಾಟಕ್ಕೆ ಬರುವ ವಸ್ತುಗಳೆಲ್ಲ ಒಂದೇ ಬಗೆಯವಲ್ಲ. ಕ್ನೊಪ್ಫ್ (1858–1921) ತಮ್ಮ ಚಿತ್ರಗಳ ಛಾಯಾಚಿತ್ರಗಳನ್ನು ತೆಗೆಸಿ, ಅವುಗಳ ಮೇಲೆ ತಾವೇ ಬಣ್ಣ ಹಚ್ಚಿ, ಸಹಿ ಹಾಕುತ್ತಿದ್ದರು. ಇಂಥ ಪ್ರತಿಗೆ ಮೂಲ ತೈಲಚಿತ್ರದ ಬೆಲೆ ಬರುವುದಿಲ್ಲ. ಅವರ ಶ್ರೇಷ್ಠ ಕೃತಿಗಳಲ್ಲಿ ಹಲವು ಈಗಾಗಲೇ ವಸ್ತುಸಂಗ್ರಹಾಲಯಗಳಲ್ಲಿರುವುದರಿಂದ, ಅಪರೂಪಕ್ಕೆ ಹರಾಜಿಗೆ ಬರುವ ಮಹತ್ವದ ಮೂಲಚಿತ್ರಕ್ಕೆ ಪೈಪೋಟಿ ತೀವ್ರವಾಗಿರುತ್ತದೆ.

ಬಾಲ್ಯವನ್ನು ಬ್ರೂಜ್ ನಗರದಲ್ಲಿ ಕಳೆದ ಅವರು, ಬ್ರಸೆಲ್ಸ್‌ನಲ್ಲಿ ಆರಂಭಿಸಿದ ಕಾನೂನು ವ್ಯಾಸಂಗವನ್ನು ತೊರೆದು ಚಿತ್ರಕಲೆಗೆ ಬಂದರು. ಕಂಡದ್ದನ್ನು ಕಂಡಂತೆ ಬರೆಯುವ ಬದಲು ಮನಸ್ಸಿನ ಸ್ಥಿತಿಯನ್ನು ಸಂಕೇತಗಳ ಮೂಲಕ ಸೂಚಿಸುವ ಸಾಂಕೇತಿಕ ಪಂಥ ಅವರದು. ಅವರ ಮುಖ್ಯ ರೂಪದರ್ಶಿ ತಂಗಿ ಮಾರ್ಗರಿಟ್. 1889ರ ‘ನೆನಪುಗಳು’ ಚಿತ್ರದಲ್ಲಿ ಟೆನಿಸ್ ಬ್ಯಾಟ್ ಹಿಡಿದ ಹೆಂಗಸರು ಒಟ್ಟಿಗೆ ನಿಂತಿದ್ದರೂ ಯಾರೂ ಯಾರನ್ನೂ ನೋಡುವುದಿಲ್ಲ. ತಂಗಿಯ ಬೇರೆ ಬೇರೆ ಛಾಯಾಚಿತ್ರಗಳನ್ನು ಆಧರಿಸಿ ರಚಿಸಿದ್ದರಿಂದಲೇ ಆ ವಿಚಿತ್ರ ಒಂಟಿತನ ಮೂಡಿದೆ. ನನ್ನ ಮಟ್ಟಿಗೆ, ಚಿರತೆಯ ಮೈಯುಳ್ಳ ಸ್ತ್ರೀಯನ್ನು ತೋರುವ, ಹೆಚ್ಚು ಪ್ರಸಿದ್ಧವಾದ 1896ರ ‘ಮುದ್ದು’ ಚಿತ್ರಕ್ಕಿಂತ ಇದೇ ಅವರ ಗಾಢವಾದ ಕೃತಿ. ಎರಡೂ ಬ್ರಸೆಲ್ಸ್‌ನ ರಾಯಲ್ ಲಲಿತಕಲಾ ಸಂಗ್ರಹಾಲಯದಲ್ಲಿವೆ.

1898ರಲ್ಲಿ ವಿಯೆನ್ನಾದ ಸಿಸೆಷನ್ ಕಲಾವಿದರ ಸಂಘ ಅವರ ಕೃತಿಗಳನ್ನು ಪ್ರದರ್ಶಿಸಿತು. ಆ ಸಂಘದ ಅಧ್ಯಕ್ಷರಾಗಿದ್ದ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್ ಅವರ ಮೇಲೂ ಅದರ ಪ್ರಭಾವವಾಯಿತು. ಬೆಲೆಯಲ್ಲಿ ಇಷ್ಟು ಅಂತರವಿರುವುದರಿಂದ, ಕ್ನೊಪ್ಫ್ ಅವರ ಕೃತಿಯನ್ನು ಕೊಳ್ಳುವವರು ಸಹಿಯೊಂದನ್ನೇ ನಂಬದೆ, ಅದು ತೈಲಚಿತ್ರವೋ, ಬಣ್ಣದ ಸೀಮೆಸುಣ್ಣದಂಥ ಪೇಸ್ಟಲ್‌ನಲ್ಲಿ ಬರೆದದ್ದೋ, ಛಾಯಾಚಿತ್ರವೋ ಎಂಬುದನ್ನು ಮತ್ತು ಹಿಂದೆ ಅದು ಯಾರ ಬಳಿಯಿತ್ತು ಎಂಬ ದಾಖಲೆಯನ್ನು ಮೊದಲು ಪರಿಶೀಲಿಸಬೇಕು.