ನಾಲ್ಕೂವರೆಯ ಎಚ್ಚರ

ಗೆದ್ದ ಮೇಲೆ ಶುರುವಾದ ಸಂಕಟ ಹೇಳಿಕೊಂಡು ಈ ವರ್ಷ ನನ್ನ ಬಳಿ ಸಮಾಲೋಚನೆಗೆ ಬಂದವರಲ್ಲಿ ಈಕೆ ಮೂರನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಅವರನ್ನು ಕೇಳಿಯೇ ಬರೆದಿದ್ದೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಆರು ವರ್ಷ ಒಂದೇ ಪರೀಕ್ಷೆಗೆ ಓದಿದವರು. ಮೂರು ಸಲ ಕೈತಪ್ಪಿತು. ನಾಲ್ಕನೇ ಸಲ ಪಾಸಾದರು, ಬಯಸಿದ ಕೆಲಸವೇ ಸಿಕ್ಕಿತು. ಐದು ತಿಂಗಳ ನಂತರ ನನ್ನ ಮುಂದೆ ಕೂತು, "ರಾಜೀನಾಮೆ ಬರೆದಿಟ್ಟಿದ್ದೇನೆ. ಕೆಲಸದಲ್ಲಿ ಏನೂ ತೊಂದರೆ ಇಲ್ಲ" ಎಂದರು.

ಸಾಯುವ ಯೋಚನೆ ಬರುತ್ತಾ ಎಂದು ಮೊದಲ ದಿನವೇ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಆಕೆ ಇಲ್ಲ ಎಂದರು. ಹೌದು ಎಂದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಮೂರನೇ ಭೇಟಿಯಲ್ಲಿ ಮಾತು ಹೊರಬಂತು. "ಅಲಾರಾಂ ತೆಗೆದುಹಾಕಿದ್ದೇನೆ. ಆದರೂ ನಾಲ್ಕೂವರೆಗೆ ಎಚ್ಚರ ಆಗುತ್ತೆ. ಎದ್ದು ಮೇಜಿನ ಮುಂದೆ ಕೂರುತ್ತೇನೆ. ಓದೋಕೆ ಏನೂ ಇಲ್ಲ."

ನಾನು ಸುಮ್ನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: "ಫೇಲಾದಾಗ ಎಲ್ಲರೂ ಹೇಗಿದ್ದೀಯ ಅಂತ ಕೇಳುತ್ತಿದ್ದರು. ಪಾಸಾದ ಮೇಲೆ ಒಬ್ಬರೂ ಕೇಳಿಲ್ಲ."

ಜೊತೆಗೆ ಓದುತ್ತಿದ್ದ ಮೂವರು ಗೆಳತಿಯರಿದ್ದರು. ಅವರಿಗೆ ಇನ್ನೂ ಆಗಿಲ್ಲ. "ಅವರ ಹತ್ತಿರ ನನಗೆ ಬೇಜಾರಾಗಿದೆ ಅಂತ ಯಾವ ಬಾಯಲ್ಲಿ ಹೇಳಲಿ?" ಎಂದು ಅತ್ತರು. ಮನೆಯವರು ಇದನ್ನು ಕೊಬ್ಬು ಅಂದಿದ್ದರಂತೆ.

ಕೊಬ್ಬಲ್ಲ. ಗೆಲುವಿನಿಂದ ಕೆಡುಕಾಗಬಹುದಾ ಎಂದು ಕೇಳಿದರೆ, ಆಗಬಹುದು ಎಂದೇ ಹೇಳುತ್ತೇನೆ. ಬೇಕಾದದ್ದು ಕೈಗೆ ಬಂದ ದಿನವೇ ಬೆಳಗಾಗೆದ್ದು ಮಾಡುತ್ತಿದ್ದ ಕೆಲಸ ಹೋಗುತ್ತದೆ, ಜೊತೆಗಿದ್ದವರು ದೂರವಾಗುತ್ತಾರೆ. ಇದು ಕಳೆದುಕೊಂಡದ್ದೇ, ಆದರೆ ಯಾರೂ ಹಾಗೆ ಲೆಕ್ಕ ಹಾಕುವುದಿಲ್ಲ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಮನೋವೈದ್ಯರು ಬದುಕಿನ ಒತ್ತಡಗಳಿಗೆ ಅಂಕ ಕೊಟ್ಟು 43 ಘಟನೆಗಳ ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100. ಮೇಲಧಿಕಾರಿಯ ಜೊತೆಗಿನ ಕಿರಿಕಿರಿಗೆ 23. ದೊಡ್ಡ ಸಾಧನೆಗೆ 28. ಆ ಸಾಲನ್ನು ಆಕೆಗೆ ತೋರಿಸಿದೆ. ಎರಡು ಸಲ ಓದಿದರು. "ಹಾಗಾದರೆ ನಾನು ಸುಳ್ಳು ಹೇಳ್ತಾ ಇಲ್ಲ, ಅಲ್ವಾ?" ಎಂದು ಕೇಳಿದರು.

ನಾನು ಹೇಳಿದ್ದು ಇಷ್ಟು. ಆರು ತಿಂಗಳು ರಾಜೀನಾಮೆ ಬೇಡ. ಹೊಸ ಪರೀಕ್ಷೆಯೂ ಬೇಡ. ಮೂವರಲ್ಲಿ ಒಬ್ಬರಿಗೆ ಫೋನ್ ಮಾಡಿ. ಸಮಾಧಾನ ಹೇಳಲು ಅಲ್ಲ, ನಿಮ್ಮ ಸ್ಥಿತಿ ಹೇಳಲು.

ಎರಡನೇ ಮಾತನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಇಂಥವರಿಗೆ ಹೊಸ ಗುರಿ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ ಎಂಬುದು ಅವರ ವಾದ. ನಿಜ, ಚೇತರಿಸಿಕೊಳ್ಳುತ್ತಾರೆ, ಆ ಗುರಿ ಮುಟ್ಟುವವರೆಗೆ. ಹಾಗೆ ಒಂದರ ಹಿಂದೆ ಒಂದು ಗುರಿ ಹಿಡಿದು, ಹದಿನೈದು ವರ್ಷ ಓಡಿ, ಕೊನೆಗೆ ನನ್ನ ಬಳಿ ಬಂದವರನ್ನು ನೋಡಿದ್ದೇನೆ. ಗುರಿಯಿಲ್ಲದ ಬೆಳಗನ್ನು ಸ್ವಲ್ಪ ದಿನವಾದರೂ ತಾಳಿಕೊಳ್ಳಲು ಕಲಿಯದಿದ್ದರೆ ಆ ಭಯ ಹೋಗುವುದಿಲ್ಲ. ಆರು ತಿಂಗಳು ಎಂಬ ಲೆಕ್ಕ ನನ್ನದು, ಎಲ್ಲರಿಗೂ ಅದೇ ಸರಿ ಎನ್ನಲಾರೆ. ಆದರೆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಈಚೆಗೆ ಗೆದ್ದಿದ್ದರೆ, ಅಭಿನಂದನೆ ಮುಗಿದು ಒಂದೆರಡು ತಿಂಗಳಾದ ಮೇಲೆ ಹೇಗಿದ್ದೀಯ ಎಂದು ಕೇಳಿ. ಖುಷಿಯಾಗಿದ್ದೀಯ ತಾನೇ ಎಂದು ಕೇಳಬೇಡಿ. ಅದಕ್ಕೆ ಹೌದು ಎನ್ನದೆ ಅವರಿಗೆ ಬೇರೆ ದಾರಿ ಇರುವುದಿಲ್ಲ.

ಕಳೆದ ವಾರ ಆಕೆ ಬಂದಿದ್ದರು. ಗೆಳತಿಗೆ ಫೋನ್ ಮಾಡಿದ್ದರಂತೆ. "ನಮ್ಮನ್ನು ಬಿಟ್ಟೇಬಿಟ್ಟೆ ಅಂದುಕೊಂಡಿದ್ದೆ" ಅಂದಳಂತೆ ಗೆಳತಿ. ಅವಳು ಈಗಲೂ ನಾಲ್ಕೂವರೆಗೆ ಎದ್ದು ಓದುತ್ತಾಳೆ. ಪುಸ್ತಕ ತೆಗೆಯುವ ಮೊದಲು ಇಬ್ಬರೂ ಹತ್ತು ನಿಮಿಷ ಮಾತಾಡುತ್ತಾರೆ. ರಾಜೀನಾಮೆ ಪತ್ರವನ್ನು ಆಕೆ ಇನ್ನೂ ಹರಿದಿಲ್ಲ. ಹರಿಯಿರಿ ಎಂದು ನಾನೂ ಹೇಳಿಲ್ಲ.