ಗುಡ್ಡೆಗೆ ಬಿಡಬೇಕೆಂದಿದ್ದ ಮೊಲ

(ಹೆಸರುಗಳನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಕುಟುಂಬದ ಒಪ್ಪಿಗೆ ಇದೆ.)

ಉಡುಪಿಯ ಹತ್ತಿರದ ಈ ಕುಟುಂಬ ನನ್ನ ಬಳಿ ಬಂದದ್ದು ಮಗಳಿಗಾಗಿ. ಆರನೇ ತರಗತಿಯ ಸ್ಮಿತಾ ಅಪ್ಪನೊಡನೆ ಮಾತು ಬಿಟ್ಟಿದ್ದಳು. ರಾತ್ರಿ ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ತಾಯಿ ಶುರು ಮಾಡಿದ್ದು ಓದಿನ ವಿಷಯದಿಂದ. ಮೊಲದ ಸುದ್ದಿ ಬಂದದ್ದು ಅವರು ಎದ್ದು ಹೊರಡುವ ಹೊತ್ತಿಗೆ: "ಮನೆಯಲ್ಲೊಂದು ಮೊಲ ಇದೆ ಮೇಡಂ. ಅದರಿಂದಲೇ ಇಷ್ಟೆಲ್ಲ."

ಹುಟ್ಟುಹಬ್ಬಕ್ಕೆಂದು ಅಂಗಡಿಯಿಂದ ತಂದ ಬಿಳಿ ಮರಿ, ಚಿನ್ನು. ಮೊದಮೊದಲು ಎಲ್ಲರ ಮಡಿಲಲ್ಲೂ ಅದಕ್ಕೆ ಜಾಗವಿತ್ತು. ಐದಾರು ತಿಂಗಳು ತುಂಬುತ್ತಲೇ ಮನೆಯವರಿಗೆ ಅದರ ಗುರುತೇ ಸಿಗದಂತಾಯಿತು. ವೈಫೈ ಕೇಬಲ್, ಅಜ್ಜಿಯ ಸೀರೆಯ ಸೆರಗು, ದೇವರ ಕೋಣೆಯಲ್ಲಿ ಹೊಸೆದಿಟ್ಟ ಬತ್ತಿ, ಯಾವುದನ್ನೂ ಬಿಡಲಿಲ್ಲ. ಹಾಸಿಗೆಯ ಮೇಲೆ ಮೂತ್ರ. ಹಿಡಿಯಲು ಹೋದರೆ ಕಚ್ಚುವುದು. ಮನೆಯಿಂದಲೇ ಕೆಲಸ ಮಾಡುವ ತಂದೆಯ ಲ್ಯಾಪ್‌ಟಾಪ್ ಚಾರ್ಜರ್ ಮತ್ತೊಮ್ಮೆ ತುಂಡಾದ ದಿನ ಅವರು, "ನಾಳೆ ಇದನ್ನು ಗುಡ್ಡೆಗೆ ಬಿಟ್ಟು ಬರುತ್ತೇನೆ" ಎಂದರು. ಆ ರಾತ್ರಿಯಿಂದ ಮಗಳು ಗೂಡಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗತೊಡಗಿದಳು.

ಸ್ಮಿತಾಳ ಜೊತೆ ಒಬ್ಬಳೇ ಇದ್ದಾಗ ಮಾತಾಡಿದೆ. ಅವಳಿಗಿದ್ದ ಭಯ ಮೊಲ ಕೈತಪ್ಪುತ್ತದೆ ಎನ್ನುವುದಷ್ಟೇ ಆಗಿರಲಿಲ್ಲ. "ನಿನಗೆ ಬೇಕು ಎಂದು ತಂದದ್ದು, ನೀನೇ ನೋಡಿಕೊಳ್ಳಬೇಕು ಎಂದಿದ್ದರು. ನಾನು ಸರಿಯಾಗಿ ನೋಡಿಕೊಳ್ಳದ್ದಕ್ಕೆ ಹೀಗಾಯಿತಂತೆ. ಗುಡ್ಡೆಯಲ್ಲಿ ನಾಯಿ ಹಿಡಿದರೆ ಅದೂ ನನ್ನಿಂದಲೇ ಅಲ್ಲವೇ?" ಎಂದಳು.

ಈ ಪ್ರಕರಣದ ಗಂಟು ಇರುವುದು ಇಲ್ಲಿಯೇ ಎಂದು ನನ್ನ ಖಚಿತ ಅಭಿಪ್ರಾಯ. ಸಾಕುಮೊಲ ಚೆನ್ನಾಗಿ ನೋಡಿಕೊಂಡರೆ 8ರಿಂದ 12 ವರ್ಷ ಬದುಕುತ್ತದೆ. ಸ್ಮಿತಾ ಪದವಿ ಓದುವಾಗಲೂ ಚಿನ್ನು ಮನೆಯಲ್ಲಿರಬಹುದು. ಹನ್ನೊಂದರ ಮಗುವಿನ ಹೆಗಲಿಗೆ ಅಷ್ಟು ದೊಡ್ಡ ಹೊರೆ ಹೊರಿಸಿ, ಅದು ಬಿದ್ದಾಗ ಮಗುವನ್ನೇ ಗದರಿಸುವುದು ಅನ್ಯಾಯ. ಮೊಲದ ಯಜಮಾನರು ದೊಡ್ಡವರೇ ಆಗಬೇಕು. ಮಗು ಜೊತೆಗಾರ್ತಿ.

ತಂದೆಗೆ ಹೇಳಲು ಬಹಳ ಇತ್ತು. ಅವರು ಕ್ರೂರಿಯಲ್ಲ, ಸೋತುಹೋಗಿದ್ದರು. "ಮೂಗಿನ ಮೇಲೆ ತಟ್ಟಿದೆ, ದಿನವಿಡೀ ಗೂಡಿನಲ್ಲಿ ಕೂಡಿಹಾಕಿದೆ, ಬುದ್ಧಿ ಬರಲೇ ಇಲ್ಲ" ಎಂದರು. ಬರುವುದೂ ಇಲ್ಲ. ಮೊಲ ಇನ್ನೊಂದರ ಬಾಯಿಗೆ ತುತ್ತಾಗುವ ಪ್ರಾಣಿ. ಹೊಡೆದರೆ ಅದು ಕಲಿಯುವ ಪಾಠ ಒಂದೇ, ಈ ಕೈಯಿಂದ ಅಪಾಯವಿದೆ ಎಂಬುದು. ಅದರ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ, ನಾರಿನ ಹುಲ್ಲು ಅಗಿದು ಅಗಿದು ಸವೆಯಬೇಕು. ಸಾಕುಮೊಲಗಳೆಲ್ಲ ಬಿಲ ತೋಡಿ ಬದುಕುವ ಯುರೋಪಿನ ಕಾಡುಮೊಲದ ವಂಶ. ಕೆರೆಯುವುದು, ಕಡಿಯುವುದು ಅದರ ದಿನದ ಕೆಲಸ. ಜಾಗ ಕೊಡದಿದ್ದರೆ ಅದು ಸೋಫಾದಲ್ಲಿ ಮಾಡುತ್ತದೆ.

ಗುಡ್ಡೆಯ ವಿಷಯವನ್ನು ಮೆತ್ತಗೆ ಹೇಳಲಿಲ್ಲ. ನಮ್ಮ ಗುಡ್ಡೆಗಳಲ್ಲಿ ಓಡಾಡುವ ಮೊಲ ಬೇರೆಯೇ ಜಾತಿ, ಅದು ಬಿಲವನ್ನೇ ತೋಡುವುದಿಲ್ಲ, ಪೊದೆಯ ಮರೆಯಲ್ಲಿ ಬದುಕುತ್ತದೆ. ಅಂಗಡಿಯ ಬಿಳಿ ಮೊಲ ಅಲ್ಲಿ ಕೆಲವೇ ದಿನದಲ್ಲಿ ನಾಯಿಗೋ ಹದ್ದಿಗೋ ಸಿಗುತ್ತದೆ. ಸಾಕಿದ ಪ್ರಾಣಿ ಹಸಿವು ನೀರಡಿಕೆಯಿಂದ ನರಳುವಂತೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. "ಮೊದಲು ಮಗಳಿಗೆ, ಬಿಡುವುದಿಲ್ಲ ಎಂದು ನಿಮ್ಮ ಬಾಯಿಯಿಂದಲೇ ಹೇಳಿ. ಉಳಿದದ್ದು ಆಮೇಲೆ" ಎಂದೆ. ಅಂದೇ ಸಂಜೆ ಹೇಳಿದರು. ಅವಳು ಆ ರಾತ್ರಿ ಊಟಕ್ಕೆ ಬಂದಳು ಎಂದು ತಾಯಿ ಫೋನ್ ಮಾಡಿದರು.

ಮುಂದಿನ ಹೆಜ್ಜೆ ಪಶುವೈದ್ಯರದ್ದು. ಹೆಣ್ಣು ಎಂದು ಮಾರಿದ್ದ ಚಿನ್ನು ಗಂಡು ಎಂದು ಗೊತ್ತಾದದ್ದೇ ಅಲ್ಲಿ. ನಾಲ್ಕರಿಂದ ಆರು ತಿಂಗಳಿಗೆ ಮೊಲ ಪ್ರಾಯಕ್ಕೆ ಬರುತ್ತದೆ. ಕಂಡಕಂಡಲ್ಲಿ ಮೂತ್ರ ಸಿಂಪಡಿಸುವುದು, ಕಾಲಿನ ಸುತ್ತ ಸುತ್ತುವುದು, ಕಚ್ಚುವುದು ಆಗಲೇ ಜೋರಾಗುತ್ತದೆ. ಸಂತಾನಹರಣ ಮಾಡಿಸಿದರೆ ಹೆಚ್ಚಿನ ಮೊಲಗಳಲ್ಲಿ ಇದು ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಮೊಲಕ್ಕೆ ಅರಿವಳಿಕೆ ಕೊಟ್ಟು ಅನುಭವವಿರುವ ವೈದ್ಯರೇ ಬೇಕು. ನಾಯಿಗೆ ಮಾಡುವಂತೆ ಹಿಂದಿನ ರಾತ್ರಿ ಉಪವಾಸ ಕೆಡವಬಾರದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಅದರ ಹೊಟ್ಟೆ ಖಾಲಿ ಬಿದ್ದರೇ ತೊಂದರೆ. ಇದನ್ನು ಬರೆದುಕೊಂಡು ಹೋಗಿ ಕೇಳಿ ಎಂದಿದ್ದೆ.

ಮನೆಯೊಳಗಿನ ಬದಲಾವಣೆಗೆ ಅಜ್ಜಿಯೇ ದಾರಿ ತೋರಿಸಿದರು. ಅವರ ಸಿಟ್ಟು ದೇವರ ಕೋಣೆಯ ಮಡಿಯದು, ಅದಕ್ಕೆ ಬೆಲೆ ಕೊಡಲೇಬೇಕು. ಬಾಗಿಲಿಗೆ ಅಡ್ಡ ಹಲಗೆ ಬಂತು. ಗಣಪತಿಗೆ ಗರಿಕೆ ಕೊಯ್ದು ರೂಢಿಯಿದ್ದ ಅವರಿಗೆ ಯಾವ ಬದುವಿಗೆ ಕಳೆನಾಶಕ ಹೊಡೆದಿಲ್ಲ ಎಂದು ಗೊತ್ತಿತ್ತು. ಅಲ್ಲಿಯವರೆಗೆ ಚಿನ್ನುವಿಗೆ ಸಿಗುತ್ತಿದ್ದದ್ದು ಕ್ಯಾರೆಟ್, ಬಿಸ್ಕತ್ತು, ಅಂಗಡಿಯ ಕಾಳಿನಂಥ ತಿನಿಸು. ಕ್ಯಾರೆಟ್‌ನಲ್ಲಿ ಸಕ್ಕರೆ ಹೆಚ್ಚು, ಅಪರೂಪಕ್ಕೆ ಒಂದು ಚೂರು ಸಾಕು. ಊಟದ ಬಹುಪಾಲು ಹುಲ್ಲೇ ಇರಬೇಕು. ಅದನ್ನು ದಿಢೀರನೆ ಬದಲಿಸದೆ ನಿಧಾನವಾಗಿ ಕೂಡಿಸಿದರು. ಜೊತೆಗೆ ಕೊತ್ತಂಬರಿ ಸೊಪ್ಪು, ಅಂಗಳದ ದಾಸವಾಳದ ಎಲೆ ಮತ್ತು ಹೂವು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೇಡವೇ ಬೇಡ. ಬೇಲಿಯ ಕಣಗಿಲೆ ವಿಷ.

ವಯರುಗಳನ್ನು ತಂದೆ ಪಿವಿಸಿ ಪೈಪಿನೊಳಗೆ ತೂರಿಸಿದರು. ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿ ಹರಿದ ಪೇಪರ್ ತುಂಬಿ ಕೆರೆಯಲು ಜಾಗ ಮಾಡಿದರು. ಮೊಲಕ್ಕೆ ತಿನ್ನುತ್ತಲೇ ಹಿಕ್ಕೆ ಹಾಕುವ ಅಭ್ಯಾಸವಿದೆ, ಹಾಗಾಗಿ ಮೂತ್ರದ ತಟ್ಟೆಯ ಪಕ್ಕದಲ್ಲೇ ಹುಲ್ಲು ಇಡಿಸಿದೆ. ನುಣುಪಾದ ಕೆಂಪು ಕಾವಿ ನೆಲದಲ್ಲಿ ಕಾಲು ಜಾರುತ್ತಿತ್ತು, ಗೋಣಿ ಹಾಸಿದರು. ಗೂಡಿನ ತಂತಿಯ ತಳಕ್ಕೆ ಹಲಗೆ ಹಾಕಿದರು, ಬರಿಯ ತಂತಿ ಪಾದಕ್ಕೆ ಹುಣ್ಣು ತರುತ್ತದೆ. ಮೊಲ ಚುರುಕಾಗಿರುವುದು ಬೆಳಗ್ಗೆ ಮತ್ತು ಸಂಜೆ, ಹೊರಗೆ ಬಿಡುವ ಸಮಯ ಅದಕ್ಕೆ ಹೊಂದಿಕೊಂಡಿತು. ಸಂಜೆ ತಂದೆಯೂ ಮಗಳೂ ನೆಲದ ಮೇಲೆ ಕೂರಬೇಕು, ಅದನ್ನು ಎತ್ತಬಾರದು, ಅದೇ ಹತ್ತಿರ ಬರಲಿ ಎಂದೆ. ಮೊಲವನ್ನು ಕಿವಿ ಹಿಡಿದು ಎತ್ತುವಂತಿಲ್ಲ. ಗಾಬರಿಯಿಂದ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು.

ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳು ಮೊಲಕ್ಕೆ ನಿಜವಾದ ಪರೀಕ್ಷೆ. ಅದು ಬೆವರುವುದಿಲ್ಲ, ಬಿಸಿಯನ್ನು ಹೊರಹಾಕುವುದು ಬಹುಮಟ್ಟಿಗೆ ಕಿವಿಯ ಮೂಲಕ. ಶೀಟಿನ ಮಾಡಿನ ಕೆಳಗೆ ಗೂಡು ಇಡಬೇಡಿ. ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿ ಪಕ್ಕದಲ್ಲಿಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹುಲ್ಲು ಕೊಡಬೇಡಿ.

ಎಲ್ಲವೂ ನೇರವಾಗಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಸಿಂಪಡಿಸುವುದು ನಿಂತಿದೆ, ಹಾಸಿಗೆ ಕೆರೆಯುವುದು ನಿಂತಿಲ್ಲ. ಮಲಗುವ ಕೋಣೆಯ ಬಾಗಿಲು ಹಾಕಿಡುತ್ತಾರೆ. ಸ್ಮಿತಾ ಅಪ್ಪನ ಜೊತೆ ಮಾತಾಡುತ್ತಾಳೆ, ಆದರೆ ಅವರು ದನಿ ಏರಿಸಿದರೆ ಈಗಲೂ ಗೂಡಿನ ಕಡೆ ನೋಡುತ್ತಾಳಂತೆ. ಅದಕ್ಕಾಗಿ ತಂದೆಯೊಡನೆ ಮಾತುಕತೆ ಮುಂದುವರಿದಿದೆ.

ಈಚೆಗೆ ಬೆಂಗಳೂರಿನಲ್ಲಿ ನೆಂಟರ ಮದುವೆ ಬಂತು. ಪಕ್ಕದ ಮನೆಯವರಿಗೆ ಗೂಡು ಒಪ್ಪಿಸುವಾಗ ಏನು ಹೇಳಬೇಕು ಎಂದು ತಂದೆಯೇ ಫೋನ್ ಮಾಡಿ ಕೇಳಿದರು. ಹುಲ್ಲು, ನೀರು, ವೈದ್ಯರ ನಂಬರ್ ಬರೆದಿಡಿ ಎಂದೆ. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ನಾಳೆ ನೋಡೋಣ ಎನ್ನದೆ ಕೂಡಲೇ ವೈದ್ಯರ ಬಳಿಗೆ ಒಯ್ಯಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆಯಲು ಹೇಳಿದೆ.