ವಂದನಾರ್ಪಣೆಗೂ ಮೊದಲೇ ಎದ್ದು ಹೋಗುವವರು

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ನಾನು ಮೂಡಿಗೆರೆ ಕಡೆಯವಳು. ಅಮ್ಮ ಮೂವತ್ತು ವರ್ಷ ಕಾಫಿ ತೋಟದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದರು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು 'ಕೃತಜ್ಞತೆಯ ಡೈರಿ' ಹಂಚಿದರು. ದಿನಾ ರಾತ್ರಿ ಮೂರು ಒಳ್ಳೆಯ ವಿಷಯ ಬರೆಯಿರಿ, ಸಂತೋಷ ತಾನಾಗಿ ಬರುತ್ತೆ ಅಂದರು. ಎರಡು ತಿಂಗಳು ಬರೆದೆ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಕಾಫಿ ಚೆನ್ನಾಗಿತ್ತು, ತಲೆನೋವು ಬರಲಿಲ್ಲ. ಬರೆದು ಬರೆದು ಬೇಜಾರಾಯಿತೇ ಹೊರತು ಇನ್ನೇನೂ ಆಗಲಿಲ್ಲ. ಇರುವುದರಲ್ಲೇ ತೃಪ್ತಿಪಡಿ ಎಂದು ಬಡವರ ಬಾಯಿ ಮುಚ್ಚಿಸುವ ಉಪಾಯ ಅಲ್ವಾ ಇದು? ನಮ್ಮಮ್ಮ ಯಾರಿಗೆ ಕೃತಜ್ಞರಾಗಿರಬೇಕು, ಸಾಹುಕಾರರಿಗಾ?" (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ತಂಗಿ, ನಿಮ್ಮ ಪತ್ರ ನಾಲ್ಕು ಪುಟ ಇದೆ. ಎರಡು ಸಲ ಓದಿದೆ. ಜಾಗ ಸಾಲದೆ ಮೇಲೆ ಅದರ ಸಾರ ಮಾತ್ರ ಕೊಟ್ಟಿದ್ದೇನೆ. ಮೂರನೇ ಪುಟದಲ್ಲಿ ನೀವು ಬೇರೇನೋ ಹೇಳುತ್ತಾ ಒಂದು ಸಾಲು ಬರೆದಿದ್ದೀರಿ. ಅದನ್ನು ಇಲ್ಲಿ ಹಾಕಿಲ್ಲ. ಅದರ ವಿಷಯ ಆಮೇಲೆ ಮಾತಾಡೋಣ.

ಮೊದಲು ನಿಮ್ಮ ಕೊನೆಯ ಪ್ರಶ್ನೆ. ಕೂಲಿಗಾಗಿ, ಕಾರ್ಮಿಕರಿಗೆಂದು ತೋಟದಲ್ಲಿ ಕಟ್ಟಿದ ಲೈನ್ ಮನೆಗಾಗಿ ನಿಮ್ಮಮ್ಮ ಯಾರಿಗೂ ಕೈ ಮುಗಿಯಬೇಕಾಗಿಲ್ಲ. ಅವರು ಹಣ್ಣು ಕುಯ್ದರು, ಕೂಲಿ ತಗೊಂಡರು. ದೊಡ್ಡ ತೋಟಗಳ ಕಾರ್ಮಿಕರಿಗೆ ಮನೆ, ಕುಡಿಯುವ ನೀರು, ಔಷಧೋಪಚಾರ ಕೊಡಬೇಕು ಎಂದು 1951ರಲ್ಲೇ ಕಾಯ್ದೆ ಬಂತು. ಹಕ್ಕಿನಿಂದ ಬಂದದ್ದು ಋಣ ಅಲ್ಲ. "ನಮ್ಮ ಉಪ್ಪು ತಿಂದವರು" ಎಂದು ಹೇಳಿ ಹೇಳಿ ಜನರ ತಲೆ ಬಗ್ಗಿಸಿದವರು ನಮ್ಮ ಮಲೆನಾಡಿನಲ್ಲೂ ಇದ್ದರು. ಇಷ್ಟರ ಮಟ್ಟಿಗೆ ನಿಮ್ಮ ಸಿಟ್ಟು ಸರಿ.

ಅಲ್ಲಿಂದ ಮುಂದಕ್ಕೆ ಮಾತ್ರ ನಿಮ್ಮ ಜತೆ ಬರಲಾರೆ. ಸಾಹುಕಾರರ ಮೇಲಿನ ಸಿಟ್ಟಿಗೆ ಉಪಕಾರ ಸ್ಮರಣೆಯನ್ನೇ ಮನೆಯಿಂದ ಆಚೆ ಹಾಕಬೇಡಿ. ಮೂವತ್ತೈದು ವರ್ಷದಿಂದ ಹಾಸನದಲ್ಲಿ ಕೂತು ಓದುಗರ ಪತ್ರ ಓದುತ್ತಿದ್ದೇನೆ. ನೆಮ್ಮದಿಯಾಗಿ ಬದುಕಿದವರ ಪತ್ರಗಳಲ್ಲಿ ಜನ ತುಂಬಿರುತ್ತಾರೆ. ಮಗ್ಗಿ ಕಲಿಸಿದ ಮೇಷ್ಟ್ರು, ನಡುರಾತ್ರಿ ಹೆರಿಗೆಗೆ ಗಾಡಿ ಕಟ್ಟಿಕೊಂಡು ಬಂದ ಪಕ್ಕದ ಮನೆಯವರು, ಕಾಲೇಜಿಗೆ ಸೇರುವಾಗ ಬಳೆ ಅಡವಿಟ್ಟ ಅತ್ತಿಗೆ. ಅವರಿಗೆ ಕಷ್ಟ ಕಡಿಮೆ ಇತ್ತು ಅಂತಲ್ಲ. ಸಂಕಟದಲ್ಲಿ ಮುಳುಗಿದವರ ಪತ್ರಗಳಲ್ಲಿ ಮಾತ್ರ "ನನಗೆ ಯಾರೂ ಏನೂ ಮಾಡಲಿಲ್ಲ" ಎಂಬ ಸಾಲು ಬಂದೇ ಬರುತ್ತದೆ. ಆ ಸಾಲು ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಅದು ಪೂರ್ತಿ ನಿಜವಾಗಿರುವುದು ಬಹಳ ಅಪರೂಪ.

ಈಗ ನಿಮ್ಮ ಡೈರಿ. ಅದು ಎಲ್ಲಿಂದ ಬಂತು ಗೊತ್ತಾ? 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ತಮಗೆ ಕೃತಜ್ಞತೆ ಅನ್ನಿಸಿದ ಸಂಗತಿಗಳನ್ನು ಬರೆಯಬೇಕು. ಇನ್ನೊಂದು ಗುಂಪು ತಾಪತ್ರಯಗಳನ್ನು. ಮೂರನೆಯದು ಸುಮ್ನೆ ಆ ವಾರ ನಡೆದದ್ದನ್ನು. ಹತ್ತು ವಾರ ಕಳೆದ ಮೇಲೆ ನೋಡಿದರೆ, ಮೊದಲ ಗುಂಪಿನವರಿಗೆ ಬದುಕು ಹಸನಾಗಿದೆ ಅನ್ನಿಸಿತ್ತು. ಮೈಕೈ ನೋವಿನಂಥ ದೂರು ಕಡಿಮೆ ಇತ್ತು. ವ್ಯಾಯಾಮ ಕೂಡ ಜಾಸ್ತಿ ಮಾಡಿದ್ದರು. ಆದರೆ ಅವರು ಬರೆದದ್ದು ವಾರಕ್ಕೆ ಒಂದೇ ಸಲ. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಅವರ ಜತೆಗಾರರು ಆರು ವಾರ ಪರೀಕ್ಷೆ ಮಾಡಿದಾಗಲೂ ವಾರಕ್ಕೊಮ್ಮೆ ಬರೆದವರ ಸಂತೋಷ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರದು ಹೆಚ್ಚಲಿಲ್ಲ. ನೀವು ದಿನಾ ಬರೆದಿರಿ. ದಿನಾ ಹೋಳಿಗೆ ಉಂಡರೆ ನಾಲಿಗೆಗೆ ಏನು ರುಚಿ ಉಳಿಯುತ್ತದೆ?

ನನಗೆ ಜಾಸ್ತಿ ಹಿಡಿಸಿದ್ದು 2005ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಅವರ ತಂಡದ್ದು. ನಿಮಗೆ ತುಂಬಾ ಉಪಕಾರ ಮಾಡಿದ, ನೀವು ಇನ್ನೂ ಸರಿಯಾಗಿ ನೆನೆಯದ ಒಬ್ಬರಿಗೆ ಕಾಗದ ಬರೆಯಿರಿ, ಅವರ ಹತ್ತಿರ ಹೋಗಿ ಕೈಗೆ ಕೊಡಿ ಎಂದರು. ಒಂದು ವಾರದ ಗಡುವು. ಅವರು ಮಾಡಿ ನೋಡಿದ ಬೇರೆ ಬೇರೆ ಅಭ್ಯಾಸಗಳಲ್ಲಿ ತಕ್ಷಣ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ. ತಿಂಗಳಾದರೂ ಅದರ ಬಿಸಿ ಇತ್ತು. ಆಮೇಲೆ ಆರಿತು. ಆರಲಿ ಬಿಡಿ. ತಿಂಗಳಿಗೊಬ್ಬರನ್ನು ನೋಡಲು ಹೋದರಾಯಿತು. ನಾವು ಋಣಪಟ್ಟ ಹನ್ನೆರಡು ಜನ ಇಲ್ವಾ ಈ ಊರುಗಳಲ್ಲಿ?

2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಇನ್ನೊಂದು ವಿಷಯ ತೋರಿಸಿದರು. ಇಂಥ ಕಾಗದ ಬರೆಯುವವರು, "ಓದಿದವರಿಗೆ ಮುಜುಗರ ಆಗುತ್ತದೇನೋ" ಎಂದು ಹೆದರುತ್ತಾರೆ. ಪಡೆದವರಿಗೆ ಆಗುವ ಮುಜುಗರ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ, ಆಗುವ ಖುಷಿ ಅಂದುಕೊಂಡದ್ದಕ್ಕಿಂತ ಜಾಸ್ತಿ. ನಮ್ಮ ಕಡೆಯ ಗಂಡಸರಿಗೆಲ್ಲ ಇದನ್ನು ಕೂಗಿ ಹೇಳಬೇಕು ಅನ್ನಿಸುತ್ತದೆ.

ನಿಮ್ಮ ಡೈರಿಯಲ್ಲಿ ಇಲ್ಲದ್ದು ಏನು ಎಂದು ಈಗ ಹೊಳೆಯಿತಾ? ಬಸ್ಸಿನ ಸೀಟು, ಕಾಫಿ, ಬಾರದ ತಲೆನೋವು. ಒಂದಕ್ಕೂ ಮುಖ ಇಲ್ಲ. ಕೃತಜ್ಞತೆಗೆ ಎದುರಿಗೊಂದು ಮುಖ ಬೇಕು. ಇಲ್ಲದಿದ್ದರೆ ಅದು ನಮ್ಮ ತಲೆಯೊಳಗೇ ಸುತ್ತಿ ಸುತ್ತಿ ಹಳಸಿಹೋಗುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮನೆಯೊಳಗೆ ಯಾರೂ "ಧನ್ಯವಾದ" ಅನ್ನುತ್ತಿರಲಿಲ್ಲ. ಅನ್ನ ಬಡಿಸಿದ ಅಮ್ಮನಿಗೆ ಧನ್ಯವಾದ ಹೇಳಿದರೆ ಅವರು ಗಾಬರಿಯಾಗುತ್ತಿದ್ದರು. ಆದರೆ ಪಕ್ಕದ ಮನೆಯವರು ಪಾಯಸ ಕೊಟ್ಟ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಟ್ಟವರುಂಟಾ? ತೊಳೆದು ಒರೆಸಿ, ಒಂದು ಹಿಡಿ ಸಕ್ಕರೆಯೋ ಎರಡು ಬಾಳೆಹಣ್ಣೋ ಹಾಕಿಯೇ ಕೊಡಬೇಕು. ಬಾಯಾರಿದವನಿಗೆ ಮಜ್ಜಿಗೆ ಕೊಟ್ಟರೆ "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ" ಎಂದು ಹೋಗುತ್ತಿದ್ದ. ವರ್ಷವೆಲ್ಲ ದುಡಿದ ಎತ್ತಿಗೆ ಸಂಕ್ರಾಂತಿಯ ದಿನ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹೊಟ್ಟೆ ತುಂಬಾ ತಿನ್ನಿಸಿ, ಸಂಜೆ ಕಿಚ್ಚು ಹಾಯಿಸುತ್ತಿದ್ದರು. ಎತ್ತಿಗೂ ಒಂದು ಮುಖ ಇದೆ ನೋಡಿ.

ಇನ್ನೂ ಹಿಂದಕ್ಕೆ ಹೋಗೋಣ. ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ ಶಾಸನವನ್ನು ಶಾಲೆಯಲ್ಲಿ ನೀವೂ ಓದಿದ್ದೀರಿ. ಸುಮಾರು 450ನೇ ಇಸವಿಯದ್ದು. ಬಹುಕಾಲ ಕನ್ನಡದ ಅತ್ಯಂತ ಹಳೆಯ ಶಾಸನ ಎಂದೇ ನಾವೆಲ್ಲ ಕಲಿತದ್ದು. ಪರೀಕ್ಷೆಗೆ ಅದರ ಕಾಲ ಬಾಯಿಪಾಠ ಮಾಡಿದೆವು. ಅದರಲ್ಲಿ ಏನಿದೆ ಎಂದು ಎಷ್ಟು ಜನ ಕೇಳಿದೆವು? ಯುದ್ಧದಲ್ಲಿ ಪರಾಕ್ರಮ ತೋರಿಸಿದ ವಿಜ ಅರಸ ಎಂಬವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಹಳ್ಳಿಗಳನ್ನು "ಬಾಳ್ಗಳ್ಚು" ಆಗಿ ಕೊಟ್ಟ ವಿಷಯ. ಬಾಳ್ಗಳ್ಚು ಅಂದರೆ ಕತ್ತಿ ತೊಳೆಯುವುದು. ರಣದಿಂದ ಬಂದ ವೀರನ ಕತ್ತಿ ತೊಳೆದು ಕೊಡುವ ಕೊಡುಗೆ. ನಮಗೆ ಸಿಕ್ಕ ಅಷ್ಟು ಹಳೆಯ ಕನ್ನಡದ ಹದಿನಾರು ಸಾಲು ಕಲ್ಲಿಗೆ ಹತ್ತಿದ್ದು ಒಬ್ಬ ಮನುಷ್ಯನ ಉಪಕಾರ ಮರೆಯಬಾರದು ಎಂದು. ಹೆಸರು ಹಿಡಿದು ಬರೆದಿದ್ದಾರೆ. ನನಗಂತೂ ಇದನ್ನು ನೆನೆದರೆ ಮೈ ಜುಮ್ ಅನ್ನುತ್ತದೆ.

ಶ್ರವಣಬೆಳಗೊಳಕ್ಕೆ ಹೋದಾಗ ಗೊಮ್ಮಟನನ್ನು ಕತ್ತೆತ್ತಿ ನೋಡಿ ಬಂದುಬಿಡಬೇಡಿ. ಎದುರಿಗೇ ಗುಳ್ಳಕಾಯಜ್ಜಿಯ ಮೂರ್ತಿ ಇದೆ. 58 ಅಡಿಯ ಗೊಮ್ಮಟನ ಮೂರ್ತಿಯನ್ನು ಮಾಡಿಸಿದ್ದು ಗಂಗರ ಮಂತ್ರಿ ಚಾವುಂಡರಾಯ. ಅವನು ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಪಾದದವರೆಗೆ ಇಳಿಯಲೇ ಇಲ್ಲವಂತೆ. ಒಬ್ಬ ಮುದುಕಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲು ಇಳಿಯಿತಂತೆ. ಕಥೆಯೇ ಇರಬಹುದು. ಆದರೆ ಅಂಥ ಕಥೆಯನ್ನು ಕಟ್ಟಿ, ಆ ಅಜ್ಜಿಯನ್ನು ಕಲ್ಲಿನಲ್ಲಿ ನಿಲ್ಲಿಸಿದ ಜನ ನಾವು.

ಈಗೇನಾಗಿದೆ? ಯಾವ ಸಮಾರಂಭಕ್ಕಾದರೂ ಹೋಗಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಸನ್ಮಾನ, ಅಧ್ಯಕ್ಷರ ಭಾಷಣ. ಎಲ್ಲ ಮುಗಿದ ಮೇಲೆ ವಂದನಾರ್ಪಣೆ. ಅಷ್ಟು ಹೊತ್ತಿಗೆ ಜನ ಊಟದ ಕಡೆ ಓಡುತ್ತಿರುತ್ತಾರೆ. ಹೋದ ವರ್ಷ ನಮ್ಮೂರಿನ ಒಂದು ಕಾರ್ಯಕ್ರಮದಲ್ಲಿ ನಾನು ಕೂತೇ ಇದ್ದೆ. ಒಬ್ಬ ಹುಡುಗ ಚೀಟಿ ಹಿಡಿದು ಓದುತ್ತಿದ್ದ. ಮುಂದಿನ ಸಾಲಿನ ಗಣ್ಯರೆಲ್ಲ ಎದ್ದಾಗಿತ್ತು. ಕುರ್ಚಿ ಎಳೆಯುವ ಸದ್ದು. ಮೈಕಿನವನು ವೈರು ಸುತ್ತಲು ಶುರು ಮಾಡಿದ್ದ. ಹುಡುಗ ಶಾಮಿಯಾನದವರ ಹೆಸರು ಓದಿದ, ಆಮೇಲೆ ಅಡುಗೆಯವರ ಹೆಸರು. ನಾನು ಹಿಂದೆ ತಿರುಗಿ ನೋಡಿದೆ. ಅಡುಗೆಯವರು ಬಾಗಿಲ ಹತ್ತಿರ ಬಂದು ನಿಂತಿದ್ದರು. ಹೆಸರು ಕೇಳಿದ ತಕ್ಷಣ ಹೆಗಲ ಮೇಲಿನ ಟವೆಲ್ ತೆಗೆದು ಕೈ ಒರೆಸಿಕೊಂಡು, ಯಾರೂ ನೋಡದ ಆ ಸಭೆಗೆ ನಮಸ್ಕಾರ ಮಾಡಿದರು. ಅವತ್ತಿನಿಂದ ನಮ್ಮ ಪತ್ರಿಕೆಯ ಕಾರ್ಯಕ್ರಮಗಳಲ್ಲಿ ಪ್ರಾರ್ಥನೆ ಆದ ಕೂಡಲೇ ವಂದನಾರ್ಪಣೆ. ಜನ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಅದೇ ಜನ ರಸ್ತೆ ಬದಿಯಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ನಮ್ಮದೇ ತೆರಿಗೆ ದುಡ್ಡಿನಲ್ಲಿ ಮೋರಿ ಕಟ್ಟಿಸಿದವರಿಗೆ "ಹೃತ್ಪೂರ್ವಕ ಅಭಿನಂದನೆಗಳು". ಕೊಡಲೇಬೇಕಾದವರಿಗೆ ಹಾರ ಹಾಕುತ್ತೇವೆ, ಕೊಡಬೇಕಾಗಿಲ್ಲದಿದ್ದರೂ ಕೊಟ್ಟವರನ್ನು ಮರೆಯುತ್ತೇವೆ. ಬೆಳಗ್ಗೆ ಐದಕ್ಕೆ ಹಾಲಿನ ಪ್ಯಾಕೆಟ್ ಬಾಗಿಲಿಗೆ ಬರುತ್ತದೆ. ತಂದಿಟ್ಟವನ ಮುಖ ನೋಡಿದವರು ನಮ್ಮ ಬೀದಿಯಲ್ಲಿ ಎಷ್ಟು ಜನ? ನಮ್ಮ ಕಚೇರಿಗೆ ಶ್ರದ್ಧಾಂಜಲಿ ಜಾಹೀರಾತು ಬರುತ್ತವೆ. ಎಷ್ಟು ಚೆಂದದ ಮಾತುಗಳು! ಅದರಲ್ಲಿ ಒಂದು ಸಾಲನ್ನು ಅವರು ಬದುಕಿದ್ದಾಗ ಯಾರಾದರೂ ಹೇಳಿದ್ದರಾ ಎಂದು ಕೇಳಬೇಕು ಅನ್ನಿಸುತ್ತದೆ. ಕೇಳುವುದಿಲ್ಲ, ದುಃಖದಲ್ಲಿರುತ್ತಾರೆ.

ನಾನು ಮಾಡಿದ್ದನ್ನೂ ಹೇಳುತ್ತೇನೆ. ನಮ್ಮ ಪತ್ರಿಕೆ ಶುರುವಾದದ್ದು ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ. ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಒಬ್ಬರು ಹಿರಿಯರಿದ್ದರು. ಕಣ್ಣು ನನ್ನ ಬರಹದ ಮೇಲೆ, ಬೆರಳು ತಾನಾಗಿ ಖಾನೆಯಿಂದ ಖಾನೆಗೆ. ನಾನು ದೊಡ್ಡ ದೊಡ್ಡ ಪದ ಹಾಕಿ ಬರೆದರೆ ಕೈ ನಿಲ್ಲಿಸಿಬಿಡೋರು. "ಸ್ವಾಮಿ, ಇದನ್ನ ನಿಮ್ಮ ತಾಯಿಯೋರು ಓದಿದ್ರೆ ಅರ್ಥ ಆಗುತ್ತಾ?" ಅಂತ ಕೇಳೋರು. ನನ್ನ ಕನ್ನಡವನ್ನು ತಿದ್ದಿದ್ದು ಅವರು. ಕಂಪ್ಯೂಟರ್ ಬಂತು, ಪ್ರೆಸ್ಸು ಮುಚ್ಚಿತು, ಅವರು ಅರಕಲಗೂಡು ಕಡೆಯ ತಮ್ಮ ಊರಿಗೆ ಹೋದರು. ಇಪ್ಪತ್ತು ವರ್ಷ ಎಲ್ಲ ಸಭೆಗಳಲ್ಲೂ ಅವರ ವಿಷಯ ಹೇಳಿದೆ. ಅವರೊಬ್ಬರಿಗೆ ಹೇಳಲಿಲ್ಲ.

ಕಾಗದ ಬರೆದು ಕೈಗೆ ಕೊಡುವ ಆ ಪ್ರಯೋಗದ ವಿಷಯ ಓದಿದ ಮೇಲೆ ಎರಡು ಪುಟ ಬರೆದುಕೊಂಡು ಹೋದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಓದುತ್ತೇನೆ ಅಂದೆ. ಹೂಂ ಅಂದರು. ಓದುತ್ತಾ ಹೋದೆ, ಅವರು ಕಾಯಿ ಬಿಡಿಸುತ್ತಾ ಇದ್ದರು. ತಾಯಿಯೋರ ಮಾತು ಬಂದ ಕಡೆ ಕೈ ನಿಂತಿತು. ಅರ್ಧ ಸುಲಿದ ಕಾಯಿ ಹಾಗೇ ಬೆರಳಲ್ಲಿ ಇತ್ತು. ಮುಗಿದ ಮೇಲೆ ಕಾಗದ ಇಸಕೊಂಡು ಬೆಳಕಿಗೆ ಹಿಡಿದು, ಹೆಬ್ಬೆರಳನ್ನು ಸಾಲಿನ ಮೇಲೆ ಎಳೆಯುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. "ಇಲ್ಲಿ ಒಂದು ಒತ್ತು ಬಿಟ್ಟಿದೆ ನೋಡಿ." ಆಮೇಲೆ ನಾಲ್ಕು ಮಡಿಕೆ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು. ಹೊರಡುವಾಗ ಒಂದು ಚೀಲ ಅವರೆಕಾಯಿ ಕೊಟ್ಟರು. ಬಸ್ಸಿನಲ್ಲಿ ಕೂತಾಗ ಅದರ ಸೊಗಡು ಕೈಗೆಲ್ಲ ಅಂಟಿತ್ತು. ಅಷ್ಟು ಹಗುರಾಗಿ ನಾನು ಯಾವತ್ತೂ ಹಾಸನಕ್ಕೆ ವಾಪಸ್ ಬಂದದ್ದಿಲ್ಲ.

ಈಗ ನಿಮ್ಮ ಮೂರನೇ ಪುಟದ ಸಾಲು. "ಅಮ್ಮ ಕುಯ್ಲಿಗೆ ಹೋದಾಗ ಪಕ್ಕದ ಲೈನಿನ ಅಜ್ಜಿ ನನ್ನನ್ನು ನೋಡಿಕೊಳ್ಳುತ್ತಿದ್ದರು, ಸ್ಕೂಲಿಗೆ ಸೇರುವವರೆಗೂ ಅವರ ಹತ್ತಿರವೇ ಇದ್ದೆ." ಇಷ್ಟೇ ಬರೆದು ಮುಂದಿನ ವಿಷಯಕ್ಕೆ ಹೋಗಿದ್ದೀರಿ. ದಿನಕ್ಕೆ ಮೂರರಂತೆ ಎರಡು ತಿಂಗಳು ಅಂದರೆ 180 ಸಂಗತಿ ಬರೆದಿರಿ. ಆ ಅಜ್ಜಿ ಅದರಲ್ಲಿ ಒಂದು ಸಲವಾದರೂ ಬಂದರಾ? ಅವರಿಗೆ ಯಾರೂ ಕೂಲಿ ಕೊಟ್ಟಿರಲಿಲ್ಲ. ಯಾವ ಕಾಯ್ದೆಯೂ ಹೇಳಿರಲಿಲ್ಲ. ನಿಮ್ಮಮ್ಮ ಯಾರಿಗೆ ಕೃತಜ್ಞರಾಗಿರಬೇಕು ಅಂತ ನನ್ನನ್ನು ಕೇಳಿದಿರಿ. ಅದನ್ನು ಅವರನ್ನೇ ಕೇಳಿ ನೋಡಿ, ಈ ಅಜ್ಜಿಯ ಹೆಸರು ಮೊದಲು ಬರುತ್ತದೆ ಅಂತ ನನಗೆ ಅನ್ನಿಸುತ್ತದೆ.

ಅಜ್ಜಿ ಈಗಲೂ ಅದೇ ತೋಟದಲ್ಲಿ ಮಗನ ಜತೆ ಇದ್ದಾರೆ ಎಂದು ನೀವೇ ಬರೆದಿದ್ದೀರಿ. ಮುಂದಿನ ಸಲ ರಜೆಗೆ ಬಂದಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಡೈರಿಯಿಂದ ಒಂದು ಹಾಳೆ ಹರಿದುಕೊಳ್ಳಿ, ಅದರಲ್ಲೇ ಬರೆಯಿರಿ. ಎಲೆ ಅಡಿಕೆ ತಗೊಂಡು ಹೋಗಿ. ಕಿವಿ ಮಂದ ಎಂದಿದ್ದೀರಿ, ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದಿ.